ನಾಲ್ಕನೇ ಮಹಡಿಯ ರೊಟ್ಟಿ ಸಪ್ಪಳ

ರೋಷನಬಿಯ ಮುಖ ನೋಡುವುದಕ್ಕೆ ಮೊದಲೇ ನಾನು ಅವಳ ಕೈಯ ಸಪ್ಪಳ ಕೇಳಿದ್ದೆ. ಕುರ್ಲಾದ ಕನ್ನಡ ಶಾಲೆಯಲ್ಲಿ ಆಗಷ್ಟೇ ಟೀಚರಾಗಿ ಸೇರಿದ್ದೆ. ಮಲಾಡಿನಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಕುರ್ಲಾ ಸ್ಟೇಷನ್ನಿನಲ್ಲಿ ಸೀರೆಯ ನಿರಿಗೆ ಹಿಡಿದುಕೊಂಡು ಹೇಗೋ ಇಳಿದು ಶಾಲೆಯ ಕಡೆ ನಡೆಯುವಾಗ, ದಾರಿಯ ಪಕ್ಕದ ಚಾಳಿನ ಸಾಲುಮನೆಗಳೊಳಗಿಂದ ತಪ್ ತಪ್ ತಪ್ ಎಂಬ ಸದ್ದು ಬರುತ್ತಿತ್ತು. ನಾನು ಮೈಸೂರಿನ ಕಡೆಯವಳು, ಅಕ್ಕಿ ರೊಟ್ಟಿಯನ್ನು ಮೆಲ್ಲಗೆ ತಟ್ಟುವುದನ್ನು ಕಂಡವಳು. ಇಷ್ಟು ಜೋರಾಗಿ ಬಡಿಯುವುದು ಬಟ್ಟೆಯನ್ನೇ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಇಣುಕಿದೆ. ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬಳು ತಲೆ ಎತ್ತದೆಯೇ, ಹೊರಗೆ ನಿಂತು ನೋಡುವುದಕ್ಕೆ ಇದೇನು ಸಿನಿಮಾ ಅಲ್ಲ, ಒಳಗೆ ಬಂದು ಕೂತರೆ ಬಿಸಿ ರೊಟ್ಟಿ ಇದೆ ಎಂದಳು. ನನ್ನ ಕ್ಲಾಸಿನ ಆಸಿಫ ಅವಳ ಮಗ ಎಂದು ಗೊತ್ತಾದದ್ದು ರೊಟ್ಟಿ ತಿಂದು ಕೈ ತೊಳೆದ ಮೇಲೆ.

ಸಿಂದಗಿ ಕಡೆಯ ಹಳ್ಳಿಯವಳು. ಮದುವೆಯಾಗಿ ಮುಂಬಯಿಗೆ ಬಂದಾಗ ಗಂಡ ಮಕ್ತುಮಸಾಬ ಓಣಿ ಓಣಿ ತಿರುಗಿ ಗಾದಿಯ ಹತ್ತಿ ಹಿಂಜುತ್ತಿದ್ದ. ಅಂಗಡಿಗಳಲ್ಲಿ ಫೋಮಿನ ಗಾದಿ ಬಂದು ಅವನ ಕೆಲಸ ಕುಂಟತೊಡಗಿದಾಗ ಇವಳು ಒಲೆಯ ಮೇಲೆ ಹಂಚು ಇಟ್ಟಳು. ಟೆಂಪೋ ಓಡಿಸುವವರು, ಗಾರೆ ಕೆಲಸದವರು, ವಾಚ್‌ಮನ್‌ಗಳು, ವಿಜಯಪುರ ಕಲಬುರಗಿ ಕಡೆಯಿಂದ ಒಂಟಿಯಾಗಿ ಬಂದ ಗಂಡಸರು, ಎಲ್ಲರ ಹೊಟ್ಟೆಗೂ ಅವಳ ರೊಟ್ಟಿಯೇ ಆಧಾರ. ಮಕ್ತುಮಸಾಬ ತೀರಿಕೊಂಡ ಮೇಲೂ ಮಗನನ್ನು ಓದಿಸಿದ್ದು ಆ ಹಂಚೇ. ಇಷ್ಟು ತೆಳ್ಳಗೆ ಹೇಗೆ ಬರುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕೈಯಾಗ ಸಿಟ್ಟಿರಬೇಕ್ರಿ ಅಕ್ಕೋರ, ಹಿಟ್ಟಿನಾಗಲ್ಲ" ಎಂದಿದ್ದಳು. ಅವಳ ಕಡೆಯವರು ಟೀಚರಮ್ಮನನ್ನು ಅಕ್ಕೋರ ಅನ್ನುತ್ತಾರೆ. ನನ್ನ ಹೆಸರನ್ನು ಅವಳು ಕೊನೆಯವರೆಗೂ ಕೇಳಲಿಲ್ಲ.

ಪಕ್ಕದ ಖೋಲಿಯಲ್ಲಿ ನಾಗವ್ವ. ಅದೇ ಸಿಂದಗಿ ಕಡೆಯವಳು, ಸ್ಟೇಷನ್ನಿನ ಹೊರಗೆ ಕಾಯಿಪಲ್ಯ ಮಾರುವವಳು. ಎರಡು ಖೋಲಿಗಳ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಇವಳು ಈ ಕಡೆ ಒಗ್ಗರಣೆ ಹಾಕಿದರೆ ಅವಳು ಆ ಕಡೆ ಸೀನುತ್ತಿದ್ದಳು. ನಾಗವ್ವನಿಗೆ ಎಲ್ಲ ಬರುತ್ತಿತ್ತು, ರೊಟ್ಟಿ ಒಂದು ಬಿಟ್ಟು. ಅವಳ ರೊಟ್ಟಿಯನ್ನು ಸೋರುವ ಛಾವಣಿಗೆ ಹೊದಿಸಬಹುದು ಎಂದು ಇಡೀ ಸಾಲು ನಗುತ್ತಿತ್ತು. ಹಾಗಾಗಿ ಅವಳ ಮನೆಗೆ ರೊಟ್ಟಿ ಇಲ್ಲಿಂದ ಹೋಗುತ್ತಿತ್ತು, ಇವಳ ಮನೆಗೆ ಕಾಯಿಪಲ್ಯ ಅಲ್ಲಿಂದ ಬರುತ್ತಿತ್ತು. ಆ ನಾಗವ್ವ ತಾನೇ ಕೂತು ರೊಟ್ಟಿ ಬಡಿದದ್ದು ಮಕ್ತುಮಸಾಬ ತೀರಿಕೊಂಡಾಗ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ, ಹೊಟ್ಟೆ ನೋಡಿಕೊಳ್ಳುವುದು ನೆರೆಯವರ ಕೆಲಸ. ಕೊಂಡು ತಂದದ್ದನ್ನು ಕೊಡುವುದು ಅವಮಾನ ಎಂದು ಸಾಲಿನ ತಿಳಿವಳಿಕೆ. ಮೂರು ದಿನವೂ ನಾಗವ್ವ ದಪ್ಪ ದಪ್ಪ ರೊಟ್ಟಿ ಬಡಿದು ತಂದಳು, ರೋಷನಬಿ ಅಳುತ್ತಲೇ ಅವನ್ನು ಅಗಿದಳು. ಇಂಥ ರೊಟ್ಟಿ ತಿನ್ನಬೇಕಾಗುತ್ತದೆ ಅಂತಲಾದರೂ ನಮ್ಮ ಮನೆಯಲ್ಲಿ ಇನ್ನು ಯಾರೂ ಸಾಯಬಾರದು ಎಂದು ಆಮೇಲೆ ನನ್ನೆದುರೇ ಅಣಕಿಸಿದ್ದುಂಟು.

ಅವರಿಬ್ಬರ ಜಗಳದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಚಾಳಿನಲ್ಲಿ ಗುಟ್ಟು ಹೊರಗೆ ಬರುವುದಕ್ಕೆ ಜಗಳವೇ ಬಾಗಿಲು. ನೆಟ್ಟಗೆ ಹೋಗಿ "ನಿನಗೇನು ಕಷ್ಟ" ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಯಾರೂ ಹೇಳುವುದಿಲ್ಲ. ನಲ್ಲಿಯ ಹತ್ತಿರ ಕೊಡ ಮುಂದೆ ಸರಿಸಿದೆ, ನನ್ನ ಬಾಗಿಲಿಗೆ ಮುಸುರೆ ನೀರು ಚೆಲ್ಲಿದೆ ಎಂದು ಕಾಲು ಕೆರೆದು ಜಗಳ ತೆಗೆಯಬೇಕು. ಬಾಯಿಗೆ ಬಾಯಿ ಕೊಟ್ಟು ಕೂಗಾಡುವಾಗ ಹೊಟ್ಟೆಯಲ್ಲಿದ್ದದ್ದು ತಾನಾಗಿ ಹೊರಬರುತ್ತದೆ. ನಾಗವ್ವನ ಗಂಡನಿಗೆ ಟಿ.ಬಿ. ಇದ್ದದ್ದು ಬಯಲಾದದ್ದು ಹಾಗೆಯೇ. ನಾಗವ್ವ ಕಂಗಾಲಾಗಿ ಓಡಾಡುವುದನ್ನು ನೋಡಲಾರದೆ ರೋಷನಬಿ ಒಂದು ಬೆಳಿಗ್ಗೆ ಬೇಕೆಂದೇ ನೀರಿನ ನೆಪ ತೆಗೆದು ಅವಳ ಮೇಲೆ ಬಿದ್ದಳು. ಎರಡೂ ಕಡೆ ಸತ್ತವರನ್ನೆಲ್ಲ ಎಬ್ಬಿಸಿ ಬೈದ ಮೇಲೆ ನಾಗವ್ವ ಕುಸಿದು ಕೂತು, ನನ್ನ ಗಂಡ ರಕ್ತ ಕಾರುತ್ತಿದ್ದಾನೆ, ನಿನಗೆ ನೀರಿನ ಚಿಂತೆ ಎಂದು ಅತ್ತಳು. ಮರುದಿನದಿಂದ ಇಡೀ ಸಾಲು ಅವನ ಕಾವಲಿಗೆ ನಿಂತಿತು. ಬಿಸಿಲಿಗೆ ಕಟ್ಟೆಯ ಮೇಲೆ ಕೂರಿಸುವವರು ಒಬ್ಬರು, ಮೊಟ್ಟೆ ತರುವವರು ಇನ್ನೊಬ್ಬರು. ಮಾತ್ರೆ ಮಾತ್ರ ರೋಷನಬಿಯೇ ಕೊಡಬೇಕು, ಮಾತ್ರೆ ನುಂಗುವವರೆಗೆ ಅವನಿಗೆ ರೊಟ್ಟಿ ಸಿಗುತ್ತಿರಲಿಲ್ಲ. ಅವನು ಗುಣವಾದ, ಗಟ್ಟಿಯಾದ, ಊರಿಗೆ ಹೋಗಿ ಈಗಲೂ ಎಮ್ಮೆ ಕಾಯುತ್ತಿದ್ದಾನೆ.

ಆಮೇಲೆ ಬಿಲ್ಡರ್ ಬಂದ. ಚಾಳು ಕೆಡವಿದರು, ಟ್ರಾನ್ಸಿಟ್ ಕ್ಯಾಂಪಿನ ತಗಡಿನ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಇರಿಸಿದರು. ಚಾಳಿದ್ದ ಜಾಗದ ಮುಂಭಾಗದಲ್ಲಿ ಶ್ರೀಮಂತರಿಗಾಗಿ ಗಾಜಿನ ಟವರ್ ಎದ್ದಿತು. ಅದರ ಹಿಂದೆ, ಅದರ ನೆರಳಿನಲ್ಲಿ, ಹಳಬರಿಗೆ ಒತ್ತೊತ್ತಾಗಿ ಎರಡು ಬಿಲ್ಡಿಂಗ್. ಈ ಪುನರುದ್ಧಾರ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು, ಕೀಲಿಕೈ ಸಿಕ್ಕ ದಿನ ರೋಷನಬಿಯಷ್ಟು ಹಿಗ್ಗಿದವರನ್ನು ನಾನು ಕಂಡಿಲ್ಲ. ಮನೆಯೊಳಗೇ ಕಕ್ಕಸು. ಡಬ್ಬ ಹಿಡಿದು ಸರತಿಯಲ್ಲಿ ನಿಂತು ಮುದುಕಿಯಾದವಳು ಆ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನನಗೆ ತೋರಿಸಿದಳು. ಚೀಟಿ ಎತ್ತಿ ಮನೆ ಹಂಚಿದಾಗ ಅವಳಿಗೆ ನಾಲ್ಕನೇ ಮಹಡಿ ಬಂತು, ನಾಗವ್ವನಿಗೆ ಸರಿಯಾಗಿ ಅದರ ಕೆಳಗಿನ ಮೂರನೆಯದು. ಪಕ್ಕದಲ್ಲಿದ್ದವಳು ಕಾಲಡಿಗೆ ಬಂದಳು, ಇನ್ನು ನಾನು ಹೇಳಿದ ಹಾಗೆ ಕೇಳುತ್ತಾಳೆ ಎಂದು ರೋಷನಬಿ ಪೇಡೆ ಹಂಚಿದಳು.

ಎರಡು ಬಿಲ್ಡಿಂಗ್‌ಗಳ ನಡುವೆ ಎಷ್ಟು ಜಾಗವಿತ್ತೆಂದರೆ, ಈ ಕಿಟಕಿಯಿಂದ ಆ ಕಿಟಕಿಗೆ ಸಾರಿನ ಬಟ್ಟಲು ದಾಟಿಸಬಹುದಿತ್ತು. ಯಾರೂ ದಾಟಿಸಲಿಲ್ಲ. ಎದುರು ಕಿಟಕಿಯಲ್ಲಿ ಇದ್ದವರು ಬೇರೆ ಯಾವುದೋ ಚಾಳಿನವರು, ಅವರ ಮುಖ ನೋಡಬಾರದೆಂದು ಇವರು ಪರದೆ ಹಾಕಿದರು, ಇವರ ಮುಖ ನೋಡಬಾರದೆಂದು ಅವರು. ಆ ಸಂದಿಗೆ ಮೇಲಿನಿಂದ ಕಸ ಬೀಳುತ್ತಿತ್ತು, ಕೆಳಗಿನಿಂದ ಹೆಗ್ಗಣದ ವಾಸನೆ ಬರುತ್ತಿತ್ತು, ಬಿಸಿಲು ಯಾವ ಕಡೆಯಿಂದಲೂ ಬರುತ್ತಿರಲಿಲ್ಲ. ನಡುಮಧ್ಯಾಹ್ನ ಟ್ಯೂಬ್‌ಲೈಟ್ ಹಾಕದಿದ್ದರೆ ಹಿಟ್ಟಿನ ಬಣ್ಣ ಕಾಣುತ್ತಿರಲಿಲ್ಲ. ಚಾಳಿನಲ್ಲಿ ಹಗಲೆಲ್ಲ ತೆರೆದಿರುತ್ತಿದ್ದ ಬಾಗಿಲು ಇಲ್ಲಿ ಮುಚ್ಚಿಕೊಂಡಿತು. ನಾಲ್ಕು ಚಾಳಿನವರನ್ನು ಕಲಸಿ ಹಾಕಿದ್ದರಿಂದ ಯಾರು ಎಂಥವರೋ ಎಂಬ ಅನುಮಾನ ಎಲ್ಲರಿಗೂ ಇತ್ತು.

ಬಿಲ್ಡಿಂಗಿನವರ ಸೊಸೈಟಿಗೆ ಸೆಕ್ರೆಟರಿಯಾದವನು ಅಣ್ಣು. ಫೋರ್ಟ್ ಏರಿಯಾದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಕೂರುವವನು, ಮಂಗಳೂರಿನ ಕಡೆಯವನು. ಕೆಟ್ಟವನಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ಹುದ್ದೆ ಸಿಕ್ಕ ಮನುಷ್ಯನಿಗೆ ಎಷ್ಟು ನಿಯಮಪ್ರೀತಿ ಇರಬಹುದೋ ಅಷ್ಟು ಅವನಿಗಿತ್ತು. ಪಕ್ಕದ ವಿಂಗಿನ ಒಂದು ಮನೆಯಲ್ಲಿ ಟಿ.ಬಿ. ಇದೆ ಎಂದು ಸುದ್ದಿಯಾದಾಗ ಅವನು ನಿಯಮವೇನೂ ಮಾಡಲಿಲ್ಲ, ಮಾಡಬೇಕಾಗಿಯೂ ಬರಲಿಲ್ಲ. ಆ ಮನೆಯವರು ಲಿಫ್ಟಿಗೆ ಕಾಲಿಟ್ಟರೆ ಉಳಿದವರು ಇಳಿದುಬಿಡುತ್ತಿದ್ದರು. ಅವರ ಮನೆಯ ಹೆಂಗಸು ಹಾಲು ತರಲು ಹೋದರೆ ಅಂಗಡಿಯವನು ಚಿಲ್ಲರೆಯನ್ನು ನೆಲದ ಮೇಲಿಡುತ್ತಿದ್ದ. ಕೆಲವು ತಿಂಗಳಲ್ಲಿ ಮನೆಗೆ ಬೀಗ ಹಾಕಿ ಅವರು ಎಲ್ಲಿಗೋ ಹೋದರು. ರೋಷನಬಿ ಇದನ್ನೆಲ್ಲ ನೋಡಿದ್ದಳು.

ಆಸಿಫನ ಹೆಂಡತಿ ಸಲ್ಮಾ ಕೆಮ್ಮತೊಡಗಿದ್ದು ಅದಾದ ಮೇಲೆ. ಕಲಬುರಗಿಯ ಹುಡುಗಿ, ಮನೆಯಲ್ಲಿ ದಖ್ಖನಿ ಆಡುತ್ತಿದ್ದಳು, ರೊಟ್ಟಿಗೆ ಬಂದವರ ಜೊತೆ ಕನ್ನಡ. ಅತ್ತೆ ಸೊಸೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವವರು. ಇವಳು ಬಡಿದರೆ ಅವಳು ಬೇಯಿಸುತ್ತಿದ್ದಳು, ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಎಳೆಯುವ ಅವಳ ಕೈ ನೋಡಿ, ನಾನು ಹೋದ ಮೇಲೂ ಈ ಹಂಚು ಆರುವುದಿಲ್ಲ ಎಂದು ರೋಷನಬಿ ಜಂಬ ಕೊಚ್ಚುತ್ತಿದ್ದಳು. ಮೊದಲು ಹಿಟ್ಟಿನ ಧೂಳಿಗೆ ಕೆಮ್ಮು ಅಂದುಕೊಂಡರು, ಆಮೇಲೆ ಹೊಗೆಗೆ, ಆಮೇಲೆ ಮಳೆಗಾಲಕ್ಕೆ. ಬಟ್ಟೆಗೆ ರಕ್ತ ಹತ್ತಿದ ದಿನ ರೋಷನಬಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ನಾಗವ್ವನ ಗಂಡನ ಬಟ್ಟೆ ಒಗೆದಿದ್ದವಳು ಅವಳು.

ಇಲ್ಲಿ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ. ಈ ರೋಗ ವಾಸಿಯಾಗುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಸರಕಾರದ ಕೇಂದ್ರ ಹತ್ತಿರದಲ್ಲೇ ಇತ್ತು, ಮಾತ್ರೆ ಪುಕ್ಕಟೆ. ಆದರೆ ಆ ಕೇಂದ್ರದಲ್ಲಿ ಕಸ ಹೊಡೆಯುವವಳು ಇದೇ ಬಿಲ್ಡಿಂಗಿನ ಆರನೇ ಮಹಡಿಯವಳು, ಮಾತು ನಿಲ್ಲದ ಬಾಯಿ. ಅಲ್ಲಿ ಹೆಸರು ಬರೆಸಿದರೆ ಕಾರ್ಯಕರ್ತೆಯರು ಮನೆ ಹುಡುಕಿಕೊಂಡು ಬಂದು ಕೆಳಗಿನಿಂದ ಕೂಗುತ್ತಾರೆ. ಟಿ.ಬಿ. ಮನೆಯ ರೊಟ್ಟಿ ಅಂತ ಒಂದು ಸಲ ಹೆಸರಾದರೆ ಹಂಚು ಮಗುಚಿ ಇಡಬೇಕು, ಪಕ್ಕದ ವಿಂಗಿನವರ ಹಾಗೆ ಬೀಗ ಹಾಕಬೇಕು. ಹಳೆಯ ಸಾಲಾಗಿದ್ದರೆ ಅವಳು ಹೇಳಿಬಿಡುತ್ತಿದ್ದಳು. ಇಲ್ಲಿ ಹೇಳುವುದು ಯಾರಿಗೆ ಎಂದು ಆಮೇಲೆ ನನ್ನನ್ನೇ ಕೇಳಿದಳು.

ಹಾಗಾಗಿ ಆಸಿಫ ಹೆಂಡತಿಯನ್ನು ಗುರುತಿನವರು ಯಾರೂ ಇಲ್ಲದ ಕಡೆ, ದೂರದ ಒಬ್ಬ ಖಾಸಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗತೊಡಗಿದ. ಮಾತ್ರೆ ಶುರುವಾಯಿತು, ಸಲ್ಮಾಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಮಾತ್ರೆ ತರಲು ಪ್ರತಿ ಸಲ ಲೋಕಲಿನಲ್ಲಿ ಜನರ ನಡುವೆ ನುಗ್ಗಬೇಕು, ಸೇತುವೆ ಹತ್ತಬೇಕು, ಇಳಿಯಬೇಕು. ಒಮ್ಮೆ ದಾದರಿನ ಮೆಟ್ಟಿಲ ಮೇಲೆ ಅವಳು ಕೂತೇಬಿಟ್ಟಳು, ಏಳಲಾಗಲಿಲ್ಲ. ರೋಗಿಯನ್ನು ನೋಡದೆ ಮಾತ್ರೆ ಬರೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಹೇಗೂ ಗುಣ ಕಾಣುತ್ತಿದೆಯಲ್ಲ, ಸ್ವಲ್ಪ ಶಕ್ತಿ ಬಂದ ಮೇಲೆ ಹೋದರಾಯಿತು ಎಂದು ಮನೆಯವರು ಅಂದುಕೊಂಡರು. ಮಾತ್ರೆ ನಡುವೆಯೇ ನಿಂತಿತು, ಕೆಮ್ಮು ಮೊದಲಿಗಿಂತ ಜೋರಾಗಿ ತಿರುಗಿ ಬಂತು.

ಆಗ ರೋಷನಬಿ ಸಲ್ಮಾಳನ್ನು ತವರಿಗೆ ಕಳುಹಿಸಿದಳು. ಅಂದರೆ, ಕಳುಹಿಸಿದ್ದೇನೆ ಎಂದು ಎಲ್ಲರಿಗೂ ಹೇಳಿದಳು. ನನಗೂ ಹೇಳಿದಳು, ನಾನೂ ನಂಬಿದೆ. ಸಲ್ಮಾ ಇದ್ದದ್ದು ಅದೇ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಅಡ್ಡ ಕಟ್ಟಿದ ಪರದೆಯ ಹಿಂದೆ. ಮೊಟ್ಟೆ, ಖೀಮಾ, ಕಾಲುಸೂಪು ಎಲ್ಲ ತಿನ್ನಿಸಿ ಎರಡು ತಿಂಗಳಲ್ಲಿ ಮೈಗೂಡಿಸುವುದು, ಆಮೇಲೆ ತವರಿನಿಂದ ಬಂದಳು ಎಂದು ಬಾಗಿಲು ತೆರೆಯುವುದು, ಇದು ಅವಳ ಲೆಕ್ಕಾಚಾರ. ಆದರೆ ಕಲಬುರಗಿಯಲ್ಲಿರುವ ಸೊಸೆ ಕುರ್ಲಾದಲ್ಲಿ ಕೆಮ್ಮುವಂತಿಲ್ಲವಲ್ಲ. ಅದಕ್ಕೂ ಅವಳು ದಾರಿ ಕಂಡುಕೊಂಡಳು. ಪರದೆಯ ಹಿಂದೆ ಕೆಮ್ಮು ಶುರುವಾದ ಕೂಡಲೇ ಇವಳು ಮಣೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿದ್ದರೆ ರೊಟ್ಟಿ, ಹಿಟ್ಟು ಮುಗಿದಿದ್ದರೆ ಬರೀ ಕೈ. ಇಂಥ ಮನೆ ಅವಳದೊಂದೇ ಆಗಿರಲಿಲ್ಲ. ಮುಂದೆ ಆರೋಗ್ಯ ಇಲಾಖೆಯವರು ಬಂದು ಬಾಗಿಲು ಬಾಗಿಲು ತಟ್ಟಿದಾಗ, ಹಗಲೆಲ್ಲ ಟಿ.ವಿ. ಜೋರಾಗಿ ಹಾಕಿಡುತ್ತಿದ್ದ ಇನ್ನೂ ಕೆಲವು ಮನೆಗಳ ಗುಟ್ಟು ಹೊರಗೆ ಬಿತ್ತು.

ಹೊತ್ತಲ್ಲದ ಹೊತ್ತಿನಲ್ಲಿ ತಲೆಯ ಮೇಲೆ ರೊಟ್ಟಿ ಬಡಿಯುವುದು ಕೇಳಿ ನಾಗವ್ವ ಒಂದು ದಿನ ಮೇಲೆ ಹತ್ತಿ ಬಂದಳು. ರೋಷನಬಿ ಬಾಗಿಲನ್ನು ಸರಪಳಿ ತೆಗೆಯದೆ ಬೆರಳಗಲ ತೆರೆದು ಮಾತಾಡಿದಳು. ಸಲ್ಮಾ ತವರಿಗೆ ಹೋಗಿದ್ದಾಳೆ, ಕೆಲಸ ಬಹಳ, ಆಮೇಲೆ ಬಾ ಎಂದಳು. ಅಷ್ಟು ವರ್ಷಗಳಲ್ಲಿ ನಾಗವ್ವ ಆ ಮನೆಯ ಹೊರಗೆ ನಿಂತದ್ದು ಅದೇ ಮೊದಲು. ಕೈಯಲ್ಲಿ ತಂದಿದ್ದ ಪುಂಡಿಪಲ್ಯದ ಬಟ್ಟಲನ್ನು ಸಂದಿಯಿಂದ ದಾಟಿಸಲಾಗದೆ ಹಾಗೇ ವಾಪಸು ತೆಗೆದುಕೊಂಡು ಹೋದಳು. ಅವಳಿಗೆ ಮಾತ್ರ ಅಷ್ಟರಲ್ಲೇ ಎಲ್ಲ ಗೊತ್ತಿತ್ತು. ಬಾತ್‌ರೂಮಿನ ಪೈಪು ಎರಡೂ ಮನೆಗಳಿಗೆ ಒಂದೇ, ಮೇಲಿನ ಕೆಮ್ಮು ಅದರೊಳಗಿಂದ ನೆಟ್ಟಗೆ ಕೆಳಗಿಳಿಯುತ್ತಿತ್ತು. ಯಾರ ಕೆಮ್ಮು, ಎಂಥ ಕೆಮ್ಮು ಎಂದು ಗುರುತಿಸಲು ಅವಳಿಗೂ ಯಾವ ಡಾಕ್ಟರೂ ಬೇಕಿರಲಿಲ್ಲ.

ಸುಳ್ಳು ಹೇಳಿದವಳ ಬಾಗಿಲಿಗೆ ಮತ್ತೆ ಹೋಗುವುದು ಹೇಗೆ? ನಾಗವ್ವನಿಗೆ ಗೊತ್ತಿದ್ದ ದಾರಿ ಒಂದೇ. ತನ್ನ ಗಂಡನ ಕಾಯಿಲೆಯ ಸಲ ರೋಷನಬಿ ಯಾವ ಉಪಾಯ ಮಾಡಿದ್ದಳೋ ಅದನ್ನೇ ಈಗ ತಾನು ಮಾಡಬೇಕು, ಕಾಲು ಕೆರೆದು ಜಗಳ ತೆಗೆಯಬೇಕು. ಆದರೆ ಇಲ್ಲಿ ನಲ್ಲಿಯಿಲ್ಲ, ಸರತಿಯಿಲ್ಲ, ಎದುರಾಬದುರು ನಿಲ್ಲುವುದಕ್ಕೆ ಒಂದು ಕಟ್ಟೆಯಿಲ್ಲ. ಅವಳು ಅಣ್ಣುವನ್ನು ಹಿಡಿದು, ಮೇಲಿನವರು ರೊಟ್ಟಿ ಬಡಿದು ನಮಗೆ ನಿದ್ದೆ ಇಲ್ಲದ ಹಾಗೆ ಮಾಡಿದ್ದಾರೆ, ನನ್ನ ಹೆಸರು ಹೇಳಿಯೇ ಹೇಳು ಎಂದಳು. ಹೆಸರು ಕೇಳಿದರೆ ರೋಷನಬಿ ಕೈಯ ಹಿಟ್ಟು ಕೂಡ ತೊಳೆಯದೆ ಧಡಧಡ ಇಳಿದು ಬರುತ್ತಾಳೆ, ಜಗಳವಾಗುತ್ತದೆ, ಬಾಯಿ ಬಿಡುತ್ತಾಳೆ ಎಂದು ಅವಳ ನಂಬಿಕೆ. ಆ ದಿನ ಕಾಯಿಪಲ್ಯದ ವ್ಯಾಪಾರಕ್ಕೂ ಹೋಗದೆ ಬಾಗಿಲು ತೆರೆದಿಟ್ಟು ಕೂತಿದ್ದಳಂತೆ.

ಅಣ್ಣು ಮಾಡಿದ ತಪ್ಪೇನೂ ಇಲ್ಲ, ದೂರನ್ನು ದೂರಿನ ಹಾಗೆಯೇ ತಲುಪಿಸಿದ.

"ಕೆಳಗಿನ ನಾಗವ್ವನವರಿಗೆ ತ್ರಾಸ ಆಗ್ತದೆಯಂತೆ. ಇದು ಚಾಳ್ ಅಲ್ಲ ಅಲ್ವಾ, ಸೊಸೈಟಿ ಉಂಟು. ಸ್ವಲ್ಪ ಕಮ್ಮಿ ಮಾಡಿ, ಇಲ್ಲಾಂದ್ರೆ ಕಮಿಟಿಯವರು ಬಂದು ಒಳಗೆ ನೋಡ್ಬೇಕಾಗ್ತದೆ."

ರೋಷನಬಿ ಇಳಿದು ಹೋಗಲಿಲ್ಲ. ತನ್ನ ರೊಟ್ಟಿ ತಿಂದು ಬೆಳೆದ ಮನೆಯೇ ದೂರು ಕೊಟ್ಟಿತಲ್ಲ ಎಂಬ ನೋವು ಒಂದು ಕಡೆ, ಕಮಿಟಿಯವರು ಒಳಗೆ ಬಂದು ಪರದೆ ಎತ್ತಿದರೆ ಎಂಬ ಹೆದರಿಕೆ ಇನ್ನೊಂದು ಕಡೆ. ಬಾಯಿ ತುಂಬ ಬೈಗುಳವಿದ್ದ ಹೆಂಗಸು ಆಯಿತು ಎಂದು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು. ಮಣೆಯ ಕೆಳಗೆ ಕೌದಿ ಮಡಿಸಿ ಹಾಕಿದಳು. ಬಡಿಯುವ ಸದ್ದು ಕುಗ್ಗಿತು, ಆದರೆ ಈಗ ಕೆಮ್ಮು ಹೊರಗೆ ಕೇಳುವ ಹಾಗಾಯಿತು. ಅದಕ್ಕೆ ಕಿಟಕಿ ಮುಚ್ಚಿದಳು. ಸಂದುಗಳಿಗೆ ಹಳೆ ಬಟ್ಟೆ ತುರುಕಿ, ಮೇಲೆ ರಟ್ಟು ಹೊಡೆದು, ಅದರ ಮೇಲೆ ಇನ್ನೊಂದು ಕೌದಿ ಇಳಿಬಿಟ್ಟಳು. ಮಕ್ತುಮಸಾಬ ಹಿಂಜಿದ ಹತ್ತಿಯ ಗಾದಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿದಳು. ಒಲೆಯ ಕಾವು, ಹಿಟ್ಟಿನ ಧೂಳು, ಹಂಚಿನ ಹೊಗೆ, ಸಲ್ಮಾಳ ಉಸಿರು ಎಲ್ಲವೂ ಆ ಒಂದೇ ಕೋಣೆಯಲ್ಲಿ ಸುತ್ತುತ್ತಿದ್ದವು. ಸ್ವಲ್ಪ ಕಿಟಕಿ ತೆಗೆಯಮ್ಮಾ ಎಂದು ಸಲ್ಮಾ ಕೇಳುತ್ತಿದ್ದಳು. ಇನ್ನು ಸ್ವಲ್ಪ ದಿನ ತಡಿ ಬೇಟಾ ಎಂದು ಇವಳು ಅವಳ ಬೆನ್ನು ಉಜ್ಜುತ್ತಿದ್ದಳು. ಕೆಳಗೆ ನಾಗವ್ವ ಕಾಯುತ್ತಿದ್ದಳು.

ಅದು ಒಂದು ಮುಂಜಾನೆ, ಆಸಿಫ ಕೆಲಸಕ್ಕೆ ಹೋಗಿದ್ದ. ಅಣ್ಣು ಮತ್ತು ಕಮಿಟಿಯ ಇಬ್ಬರು ನಾಲ್ಕನೇ ಮಹಡಿಗೆ ಬಂದು, ಇವಳ ಬಾಗಿಲ ಪಕ್ಕದಲ್ಲೇ ಒಡೆದಿದ್ದ ನೀರಿನ ಪೈಪನ್ನು ನೋಡುತ್ತ ನಿಂತರು. ಪೈಪು ಯಾರು ರಿಪೇರಿ ಮಾಡಿಸಬೇಕು ಎಂದು ಮಾತು ಬೆಳೆಯಿತು. ಅದೇ ಹೊತ್ತಿಗೆ ಪರದೆಯ ಹಿಂದೆ ಕೆಮ್ಮು ಎದ್ದಿತು. ಎಂದಿನ ಕೆಮ್ಮಲ್ಲ, ನಿಲ್ಲದ ಕೆಮ್ಮು. ರೋಷನಬಿ ಮಣೆಯ ಕೆಳಗಿನ ಕೌದಿ ಕಿತ್ತೆಸೆದು, ಹಿಟ್ಟಿನ ಮುದ್ದೆ ಹಾಕಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೈಗೆ ತಂದು ಬಡಿದಳು. ಹೊರಗಿನವರು ಹೋಗುವವರೆಗೆ ಬಡಿಯುತ್ತಲೇ ಇದ್ದಳು. ಹಂಚಿನ ಮೇಲೆ ಒಂದನ್ನೂ ಹಾಕಲಿಲ್ಲ, ಬಡಿದ ರೊಟ್ಟಿಯನ್ನೇ ಮುದ್ದೆ ಮಾಡಿ ಮತ್ತೆ ಬಡಿದಳು. ಹೊರಗೆ ಅಣ್ಣು, ಈ ಹೆಂಗಸಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಗೊಣಗಿ ಉಳಿದವರನ್ನು ಕರೆದುಕೊಂಡು ಕೆಳಗಿಳಿದ.

ಅವಳು ಕೈ ನಿಲ್ಲಿಸಿದಾಗ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಕೆಮ್ಮು ನಿಂತಿತಲ್ಲ ಎಂದು ಮೊದಲು ಸಮಾಧಾನವೇ ಆಯಿತಂತೆ. ನೀರಿನ ಲೋಟ ಹಿಡಿದು ಪರದೆ ಸರಿಸಿದಳು. ಸಲ್ಮಾ ಹಾಸಿಗೆಯಿಂದ ಅರ್ಧ ಕೆಳಗೆ ಬಂದು ಪರದೆಯ ತುದಿ ಹಿಡಿದುಕೊಂಡು ಬಿದ್ದಿದ್ದಳು. ಬಾಯಿಂದ ಹೋದ ರಕ್ತ ಕೌದಿಯಲ್ಲೆಲ್ಲ ಇಂಗಿತ್ತು. ಕೂಗಿದ್ದಳೋ ಇಲ್ಲವೋ, ಕೂಗಿದ್ದರೆ ಯಾರನ್ನು ಕೂಗಿದ್ದಳೋ, ಹೇಳುವವರು ಯಾರೂ ಇರಲಿಲ್ಲ. ಆಸಿಫ ಓಡಿಬಂದು ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊನೆಗೆ ಏನೆಂದಳು ಎಂದು ತಾಯಿಯನ್ನು ಕೇಳಿದ.

"ಕೇಳಿಸಲಿಲ್ಲಪಾ" ಎಂದಳು ರೋಷನಬಿ.

ಆಸಿಫ ಫೋನು ಮಾಡಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ನಾನೂ ತಲುಪಿದ್ದೆ. ಕಲಬುರಗಿಯಲ್ಲಿದ್ದ ಸೊಸೆಯ ಹೆಣ ಕುರ್ಲಾದ ನಾಲ್ಕನೇ ಮಹಡಿಯಿಂದ ಹೊರಬರಬೇಕಾಗಿತ್ತು. ಮೈ ತೊಳೆಯಲು ಮಸೀದಿಯ ಕಡೆಯಿಂದ ಇಬ್ಬರು ಹೆಂಗಸರು ಬಂದರು, ಬಿಲ್ಡಿಂಗಿನ ಒಬ್ಬಳೂ ಬರಲಿಲ್ಲ. ಹೆಣ ಹೊತ್ತ ಮಂಚ ಲಿಫ್ಟಿನಲ್ಲಿ ಹಿಡಿಸದು, ಶ್ರೀಮಂತರ ಟವರಿನ ಲಿಫ್ಟಿನಲ್ಲಾಗಿದ್ದರೆ ಹಿಡಿಸುತ್ತಿತ್ತು. ಮೆಟ್ಟಿಲ ತಿರುವುಗಳಲ್ಲಿ ಹೆಣವನ್ನು ಓರೆ ಮಾಡಿ, ಹಗ್ಗ ಬಿಗಿದು ಇಳಿಸಿದರು. ಪ್ರತಿ ಮಹಡಿಯಲ್ಲೂ ಬಾಗಿಲುಗಳು ಬೆರಳಗಲ ತೆರೆದು ಮುಚ್ಚಿದವು. ತವರಿಗೆ ಹೋಗಿದ್ದಳಲ್ಲ ಎಂದು ಒಬ್ಬರು, ಇಷ್ಟು ದಿನ ನಾವು ಇವರ ರೊಟ್ಟಿ ತಿಂದೆವಲ್ಲ ಎಂದು ಇನ್ನೊಬ್ಬರು, ಮೂಗಿಗೆ ಸೆರಗು ಒತ್ತಿಕೊಂಡೇ ಮಾತಾಡಿದರು. ನನ್ನ ಕೈಗೆ ಸಿಕ್ಕಿದ್ದರೆ ಇಬ್ಬರ ಕಪಾಳಕ್ಕೂ ಬಾರಿಸುತ್ತಿದ್ದೆ.

ಗಂಡಸರು ಖಬರಸ್ತಾನಕ್ಕೆ ಹೋದ ಮೇಲೆ ನಾಗವ್ವ ಮೇಲೆ ಬಂದಳು. ಈಗ ಬಾಗಿಲಿಗೆ ಸರಪಳಿ ಇರಲಿಲ್ಲ. ಒಳಗೆ ಬಂದು ಗೋಡೆಗೊರಗಿ ಕೂತಿದ್ದ ರೋಷನಬಿಯ ಎದುರು ಕುಕ್ಕರಿಸಿದಳು.

"ಕೆಮ್ಮು ನನಗ ಮೊದಲಿಂದನೂ ಕೇಳತಿತ್ತ, ರೋಷನಕ್ಕ" ಎಂದಳು ನಾಗವ್ವ. "ಪೈಪಿನಾಗ ಎಲ್ಲಾ ಬರತೈತಿ. ನೀ ರೊಟ್ಟಿ ಬಡದ್ರೂ ಕೇಳತಿತ್ತ. ಜಗಳ ತಗದ್ರ ನೀ ಇಳದು ಬರತಿ, ಬಾಯಿ ಬಿಡತಿ ಅಂತ ಆ ಸೆಕ್ರೆಟರಿಗೆ ಹೇಳಿದ್ನಿ. ಹಾದಿ ಕಾದ್ನಿ. ನೀ ಬರಲೇ ಇಲ್ಲ."

ರೋಷನಬಿ ಅವಳ ಮುಖ ನೋಡಲಿಲ್ಲ. ಕಿಟಕಿಗೆ ಹೊಡೆದ ರಟ್ಟನ್ನು ನೋಡುತ್ತಿದ್ದಳು. ಇಡೀ ಬಿಲ್ಡಿಂಗಿನಲ್ಲಿ ಯಾರಿಂದ ಮುಚ್ಚಿಡಬೇಕಾಗಿರಲಿಲ್ಲವೋ ಅವಳಿಂದಲೇ ಮುಚ್ಚಿಡಲು ಹೋಗಿ, ಮುಚ್ಚಿಡಲೂ ಆಗದೆ, ಆ ಹುಡುಗಿಯನ್ನು ಉಸಿರು ಕಟ್ಟಿಸಿ ಕೊಂದದ್ದಾಯಿತು ಎಂದು ಅವಳಿಗೆ ಹೊಳೆದಿರಬೇಕು. ನನಗೆ ಹೊಳೆಯಿತು, ನಾಗವ್ವನಿಗೂ ಹೊಳೆದಿತ್ತು. ಇಬ್ಬರಲ್ಲಿ ಯಾರನ್ನು ಬೈಯಬೇಕೋ ನನಗೆ ತಿಳಿಯಲಿಲ್ಲ, ಹತ್ತಿರವಿದ್ದದ್ದು ನಾಗವ್ವ, ಅವಳ ಹೆಗಲ ಮೇಲೆ ಕೈಯಿಟ್ಟೆ. ಅವಳು ಕೈ ಸರಿಸಿ ಎದ್ದು, ನಾಳೆಯಿಂದ ಮೂರು ದಿನ ಊಟ ನಮ್ಮ ಮನೆಯದು ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಹೋದಳು.

ಆ ರಾತ್ರಿ ನಾನು ಮಲಾಡಿಗೆ ವಾಪಸು ಹೋಗಲಿಲ್ಲ. ಬೆಳಿಗ್ಗೆ ಎದ್ದಾಗ ಆಸಿಫ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. 'ಕೇಳಿಸಲಿಲ್ಲಪಾ' ಎಂಬ ಮಾತು ಕೇಳಿದ ಮೇಲೆ ಅವನು ತಾಯಿಯ ಜೊತೆ ಮಾತಾಡಿರಲಿಲ್ಲ. ಕಿಟಕಿಯ ರಟ್ಟನ್ನು ನಾನೇ ಕಿತ್ತು ಹಾಕಿದೆ. ಬೆಳಕೇನೂ ಬರಲಿಲ್ಲ, ಸಂದಿಯ ವಾಸನೆ ಬಂತು. ಒಲೆಯ ಪಕ್ಕ ಹಂಚು ಮಗುಚಿ ಬಿದ್ದಿತ್ತು. ರೋಷನಬಿ ನಿನ್ನೆ ಕೂತಲ್ಲೇ ಕೂತಿದ್ದಳು.

ಆಗ ಕೆಳಗಿನಿಂದ ಶುರುವಾಯಿತು, ತಪ್, ತಪ್. ಬಡಿಯಲು ಬಾರದ ಕೈ, ಎರಡು ಸಲ ಬಡಿದು ನಿಲ್ಲುತ್ತಿತ್ತು, ಹಿಟ್ಟು ಹರಿದುದನ್ನು ಕೂಡಿಸಿಕೊಂಡು ಮತ್ತೆ ಬಡಿಯುತ್ತಿತ್ತು. ನೆಲದ ಮೂಲಕ ಆ ಸದ್ದು ನನ್ನ ಅಂಗಾಲಿಗೆ ತಾಕುತ್ತಿತ್ತು. ಏನೇ ಆದರೂ ನಾಗವ್ವ ಸಾಲಿನ ನಡತೆ ಬಿಡಲಿಲ್ಲ, ಈಗ ಆ ದಪ್ಪ ರೊಟ್ಟಿ ಬರುತ್ತದೆ, ರೋಷನಬಿ ಬಾಯಿಬಿಟ್ಟು ಅಳುತ್ತಾಳೆ, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಎಲ್ಲ ಒಂದು ದಡ ಸೇರುತ್ತದೆ ಎಂದು ನಾನು ಅಂದುಕೊಂಡೆ.

ರೋಷನಬಿ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲು ತೆರೆದು ನಿಂತಳು. ಫೋರ್ಟಿಗೆ ಹೊರಟಿದ್ದ ಅಣ್ಣು ಮೇಲಿನಿಂದ ಮೆಟ್ಟಿಲಿಳಿದು ಬರುತ್ತಿದ್ದ. ಇವಳನ್ನು ಕಂಡು ನಿಂತ. ಅವಳು ಅವನಿಗೆ ಕೈಮುಗಿದಳು.

"ಸೆಕ್ರೆಟರಿ ಸಾಹೇಬ್ರ, ಕೆಳಗಿನ ಮನಿಯವ್ರು ರೊಟ್ಟಿ ಬಡಿಯಾಕತ್ತಾರ್ರಿ. ನಮಗ ತ್ರಾಸ ಆಗತೈತಿ. ಬಂದ್ ಮಾಡ್ರಿ ಅಂತ ಹೇಳ್ರಿ."

ಅಣ್ಣು ನನ್ನ ಮುಖ ನೋಡಿದ. ನಾನು ಅವಳ ತೋಳು ಹಿಡಿದೆ, ಅವಳು ಬಿಡಿಸಿಕೊಂಡಳು. ದೂರು ಬಂದಿದೆ, ಸೆಕ್ರೆಟರಿಯಾದವನು ಇನ್ನೇನು ಮಾಡುತ್ತಾನೆ, ಅವನು ಒಂದು ಮಹಡಿ ಇಳಿದು ನಾಗವ್ವನ ಬಾಗಿಲ ಬೆಲ್ ಒತ್ತಿದ. ಬಡಿಯುತ್ತಿದ್ದ ಕೈ ನಿಂತಿತು. ಅವನು ಮೆಲ್ಲಗೆ ಏನೋ ಹೇಳುವುದು ಕೇಳಿಸಿತು, ನಾಗವ್ವನ ದನಿ ಕೇಳಿಸಲಿಲ್ಲ. ಆಮೇಲೆ ಕೆಳಗಿನ ಬಾಗಿಲು ಮುಚ್ಚಿತು. ರೋಷನಬಿ ಸರಪಳಿ ಹಾಕಿಕೊಂಡು ಒಳಗೆ ಬಂದು ಕೂತಳು.